ಮಗಳು ಬ್ಯಾಸ್ಕೆಟ್‌ಬಾಲ್ ಆಡ್ತೀನಿ ಅಂತಾಳೆ, ಮುಂದೆ ದಾರಿ ಇದೆಯಾ?

ಪ್ರಶ್ನೆ: ಮಗಳಿಗೆ 13 ವರ್ಷ, ಆಗಲೇ ನನ್ನಷ್ಟೇ ಎತ್ತರ. ವಾಲಿಬಾಲ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ತಡವಾಯಿತಾ? ಇದರಿಂದ ಹೊಟ್ಟೆ ತುಂಬುತ್ತದಾ?

ಉತ್ತರ: ತಡ ಏನೂ ಆಗಿಲ್ಲ ಅಕ್ಕಾ. ಭಾರತ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದ ಕೇರಳದ ಗೀತು ಅನ್ನಾ ಜೋಸ್ ಮೊದಲು ಆಡಿದ್ದೂ ವಾಲಿಬಾಲೇ. ಆರಡಿ ಎರಡಿಂಚು ಎತ್ತರ. ದಕ್ಷಿಣ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್‌ಗೆ ಆಡಿದರು. 2011ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಮೂರು ತಂಡಗಳ ಟ್ರಯಲ್ಸ್ ಕೊಟ್ಟು ಬಂದರು. ಜಾಗ ಸಿಗಲಿಲ್ಲ, ನಿಜ. ಆದರೆ ಅಲ್ಲಿವರೆಗೆ ಹೋಗೋದೇ ಎಷ್ಟು ದೊಡ್ಡ ಮಾತು ಅಲ್ವಾ! 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಇನ್ನೊಂದು ಉತ್ತರ: 2017ರ ಮಹಿಳಾ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಬಿ ಡಿವಿಜನ್ (ಎರಡನೇ ಹಂತ) ಫೈನಲ್ ದಿನ ನಾನು ಬೆಂಗಳೂರಿನ ಕಂಠೀರವದಲ್ಲಿದ್ದೆ. ಕಜಕಸ್ತಾನದ ಮೇಲೆ ನಮ್ಮವರು 75-73ರಿಂದ ಗೆದ್ದರು. ಕೊನೆಗೆ ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ತಂಡದಲ್ಲಿದ್ದ ಅನಿತಾ ಪಾಲ್‌ದುರೈಗೆ 2021ರಲ್ಲಿ ಪದ್ಮಶ್ರೀ ಬಂತು. ಅವರೂ ರೈಲ್ವೆಯವರೇ. ಓದು ಮಾತ್ರ ಬಿಡಿಸಬೇಡಿ.

ಪ್ರಶ್ನೆ ಕೇಳಿದವರು: ಓದಿ ಅವಳಿಗೂ ತೋರಿಸಿದೆ. ಭಾನುವಾರ ಶೂ ತರುತ್ತೇವೆ. ಯಾವ ತರಹದ್ದು ನೋಡಲಿ?

ಉತ್ತರ: ಹಿಮ್ಮಡಿ ಜಾರದಂತಿರಲಿ. ಅಂಗಡಿಯಲ್ಲೇ ಹಾಕಿಸಿ, ನಾಲ್ಕು ಸಲ ಜಿಗಿಯಲು ಹೇಳಿ.