ಸ್ಟೇಟ್ ಅಪ್‌ಡೇಟ್ ಕೋಡ್ ಕಗ್ಗಂಟಾಗಿದೆ, ನೀವೆಲ್ಲ ಹೇಗೆ ಬಿಡಿಸ್ಕೊಂಡ್ರಿ?

ರಿಯಾಕ್ಟಲ್ಲಿ (ವೆಬ್ ಪೇಜ್ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಒಂದು ಚೆಕ್‌ಔಟ್ ಪೇಜ್ ಇದೆ. ಕಾರ್ಟು, ಕೂಪನ್ನು, ಅಡ್ರೆಸ್ಸು, ಪೇಮೆಂಟು ಎಲ್ಲಾ ಒಂದೇ ಕಾಂಪೊನೆಂಟಲ್ಲಿ, ಸ್ಟೇಟ್ (ಪೇಜ್ ನೆನಪಿಟ್ಕೊಳ್ಳೋ, ಬದಲಾಗೋ ಡೇಟಾ) ಇಡೋ ಯೂಸ್‌ಸ್ಟೇಟ್‌ಗಳೇ ಡಜನ್ ಮೇಲಿದಾವೆ. ಒಂದು ಐಟಂ ತೆಗೆದ್ರೆ ನಾಲ್ಕು ಕಡೆ ಸೆಟ್ ಮಾಡ್ಬೇಕು, ಒಂದು ಮರೆತ್ರೂ ಟೋಟಲ್ ತಪ್ಪು ತೋರ್ಸುತ್ತೆ. ಸ್ಟೇಟನ್ನೆಲ್ಲ ಒಂದೇ ಕಡೆ ಇಡೋ ರಿಡಕ್ಸ್ ಲೈಬ್ರರಿ ಹಾಕೋದೊಂದೇ ದಾರಿನಾ? ಅನುಭವ ಇರೋರು ಹೇಳಿ.

—

ರಿಡಕ್ಸ್ ಆಮೇಲೆ ನೋಡೋಣ ಗುರು, ಮೊದ್ಲು ಟೋಟಲ್‌ನ ಸ್ಟೇಟಲ್ಲಿ ಯಾಕೆ ಇಟ್ಟಿದೀರ? ಐಟಂಗಳು, ಕೂಪನ್ನು ಗೊತ್ತಿದ್ರೆ ರೆಂಡರ್ ಆಗೋವಾಗ್ಲೇ (ಪೇಜ್ ತೋರ್ಸೋವಾಗ್ಲೇ) ಲೆಕ್ಕ ಹಾಕ್ಬೋದಲ್ವಾ. ನಮ್ಮ ಟೀಮಲ್ಲಿ ಹೀಗೆ ಲೆಕ್ಕಕ್ಕೆ ಸಿಗೋದನ್ನೆಲ್ಲ ಸ್ಟೇಟಿಂದ ಕಿತ್ತು ಹಾಕಿದ್ವಿ, ಅವನ್ನ ಸಿಂಕ್ ಮಾಡೋಕೆ ಅಂತ ಬರೆದಿದ್ದ, ರೆಂಡರ್ ಆದ್ಮೇಲೆ ಓಡೋ ಯೂಸ್‌ಎಫೆಕ್ಟ್‌ಗಳೂ ಜೊತೆಗೇ ಹೋದ್ವು, ಅರ್ಧ ತಲೆನೋವು ಅಲ್ಲಿಗೇ ಮುಗೀತು. ಲೆಕ್ಕ ನಿಜವಾಗ್ಲೂ ಭಾರ ಅನ್ಸಿದ್ರೆ ಮಾತ್ರ ಯೂಸ್‌ಮೆಮೊ (ಹಾಕಿದ ಲೆಕ್ಕ ನೆನಪಿಟ್ಕೊಳ್ಳುತ್ತೆ). ಆಮೇಲೆ ಸೆಲೆಕ್ಟ್ ಮಾಡಿದ ಅಡ್ರೆಸ್‌ನ ಇಡೀ ಆಬ್ಜೆಕ್ಟ್ ಕಾಪಿ ಮಾಡಿ ಇಡ್ಬೇಡಿ, ಐಡಿ ಸಾಕು.

—

ಮೇಲಿನವರು ಹೇಳಿದ್ದು ಸರಿ, ಆದ್ರೂ ಪೇಮೆಂಟ್ ಭಾಗ ಉಳಿಯುತ್ತೆ ನೋಡಿ. ಲೋಡಿಂಗ್, ಎರರ್, ಸಕ್ಸೆಸ್ ಅಂತ ಮೂರು ಬೂಲಿಯನ್ (ಹೌದು/ಇಲ್ಲ) ಇಟ್ರೆ 8 ಕಾಂಬಿನೇಷನ್, ಅದ್ರಲ್ಲಿ ಅರ್ಥ ಇರೋದು ನಾಲ್ಕಕ್ಕೇ, ಮೂರೂ ಇಲ್ಲದ್ದು, ಇಲ್ಲ ಮೂರರಲ್ಲಿ ಒಂದೇ ಇರೋದು. ಸ್ಪಿನ್ನರ್ ತಿರುಗ್ತಿರೋವಾಗ್ಲೇ ಕೆಳಗೆ ಕೆಂಪು ಎರರ್ ಕಾಣೋದು ಇದ್ರಿಂದ್ಲೇ. ಸ್ಟೇಟಸ್ ಅಂತ ಒಂದೇ ಸ್ಟ್ರಿಂಗ್ ಇಡಿ. ಆಮೇಲೆ ಯೂಸ್‌ರಿಡ್ಯೂಸರ್‌ಗೆ ಹೋಗಿ (ಏನಾಯ್ತು ಅಂತ ಹೇಳೋ ಆಕ್ಷನ್ ನೋಡಿ ರಿಡ್ಯೂಸರ್ ಅನ್ನೋ ಫಂಕ್ಷನ್ ಹೊಸ ಸ್ಟೇಟ್ ಕೊಡುತ್ತೆ), 2019ರ 16.8 ವರ್ಷನ್‌ನಿಂದ ರಿಯಾಕ್ಟಲ್ಲೇ ಇದೆ, ಬೇರೆ ಲೈಬ್ರರಿ ಬೇಡ. ಆದ್ರೆ ಆಕ್ಷನ್‌ಗೆ ಸೆಟ್‌ಕಾರ್ಟ್, ಸೆಟ್‌ಕೂಪನ್ ಅಂತ ಹೆಸರಿಟ್ರೆ ಹಳೇ ಯೂಸ್‌ಸ್ಟೇಟ್‌ಗೇ ಹೊಸ ವೇಷ ಹಾಕ್ದಂಗೆ ಅಷ್ಟೇ. ಯೂಸರ್ ಏನ್ ಮಾಡಿದ್ರೋ ಅದೇ ಹೆಸರಾಗ್ಲಿ, ಐಟಂ ರಿಮೂವ್ಡ್, ಕೂಪನ್ ಅಪ್ಲೈಡ್, ಹಿಂಗೆ. ಆಗ ಐಟಂ ತೆಗೆದಾಗ ಏನೇನ್ ಬದಲಾಗ್ಬೇಕೋ ಎಲ್ಲಾ ಒಂದೇ ಕೇಸಲ್ಲಿ ಬರುತ್ತೆ, ಮರೆಯೋ ಮಾತೇ ಇಲ್ಲ, ಟೆಸ್ಟ್ ಬರೆಯೋಕೂ ಬರೀ ಫಂಕ್ಷನ್ ಕಾಲ್ ಮಾಡಿದ್ರಾಯ್ತು. ರಿಡ್ಯೂಸರ್ ಒಳಗೆ ಎಪಿಐ ಕಾಲ್ (ಸರ್ವರ್‌ಗೆ ರಿಕ್ವೆಸ್ಟ್) ಮಾತ್ರ ಮಾಡ್ಬೇಡಿ ಮಾರಾಯ್ರೆ, ಡೆವಲಪ್‌ಮೆಂಟಲ್ಲಿ ತಪ್ಪು ಹಿಡಿಯೋಕೆ ಇರೋ ಸ್ಟ್ರಿಕ್ಟ್‌ಮೋಡ್ ರಿಡ್ಯೂಸರ್‌ನ ಬೇಕಂತ್ಲೇ ಎರಡು ಸಲ ಓಡ್ಸುತ್ತೆ.

—

ಆಬ್ಜೆಕ್ಟ್ ಒಳಗೆ ಆಬ್ಜೆಕ್ಟ್ ಅಂತ ನೆಸ್ಟಿಂಗ್ ಆಳ ಇದ್ರೆ ಕಾಪಿ ಮಾಡೋಕೆ ಸ್ಪ್ರೆಡ್ (ಮೂರು ಚುಕ್ಕಿ) ಬರೆದೂ ಬರೆದೂ ಬೇಜಾರಾಗುತ್ತೆ, ಅದಕ್ಕೆ ಇಮ್ಮರ್ ಲೈಬ್ರರಿ ಹಾಕಿ. ನೇರವಾಗಿ ಡ್ರಾಫ್ಟ್ ಬದಲಾಯಿಸ್ತಾ ಹೋಗೋದು, ಹೊಸ ಕಾಪಿ ಅದೇ ಮಾಡ್ಕೊಡುತ್ತೆ. ರಿಡಕ್ಸ್ ಟೂಲ್‌ಕಿಟ್ ಒಳಗೂ ಇದೇ ಇರೋದು, ಹಾಗಾಗಿ ಮುಂದೆ ಅಲ್ಲಿಗೆ ಹೋಗ್ಬೇಕಾದ್ರೂ ಕೋಡ್ ಜಾಸ್ತಿ ಬದಲಾಗಲ್ಲ.

—

ಥ್ಯಾಂಕ್ಸ್ ಎಲ್ರಿಗೂ. ಅಡ್ರೆಸ್ ಲಿಸ್ಟ್ ಸರ್ವರಿಂದ ಬರುತ್ತೆ, ಅದನ್ನೂ ರಿಡ್ಯೂಸರಲ್ಲೇ ಇಡ್ಲಾ?

—

ಬೇಡ, ಅದು ಸರ್ವರ್‌ದು, ನಿಮ್ಮ ಹತ್ರ ಇರೋದು ಕ್ಯಾಶ್ (ತಾತ್ಕಾಲಿಕ ಕಾಪಿ) ಅಷ್ಟೇ. ಸರ್ವರ್ ಡೇಟಾ ತಂದು ಕ್ಯಾಶ್ ಮಾಡೋ ಟ್ಯಾನ್‌ಸ್ಟ್ಯಾಕ್ ಕ್ವೆರಿ ಲೈಬ್ರರಿಗೆ ಬಿಡಿ, ರಿಡ್ಯೂಸರಲ್ಲಿ ಸೆಲೆಕ್ಟ್ ಆದ ಐಡಿ ಮಾತ್ರ ಇರ್ಲಿ.