ಗೋಡೌನ್ ಬಾಡಿಗೆ ಸ್ಟ್ರೈಟ್ ಲೈನ್ ಮಾಡ್ಬೇಕಾ, ಇಲ್ಲಾ ಬ್ಯಾಲೆನ್ಸ್ ಶೀಟಿಗೆ ತರ್ಬೇಕಾ?

ಖಾತೆಕಿರ್ದಿ: ನಮ್ಮದು ಹುಬ್ಬಳ್ಳಿಲಿ ಪ್ರೈವೇಟ್ ಲಿಮಿಟೆಡ್ ಕಂಪ್ನಿ, ಲಿಸ್ಟೆಡ್ ಅಲ್ಲ, ಯಾರ ಸಬ್ಸಿಡಿಯರಿನೂ ಅಲ್ಲ, ಟರ್ನೋವರ್ 40 ಕೋಟಿ ಆಸುಪಾಸು, ಸಾಲ 6 ಕೋಟಿ. 2024ರ ಏಪ್ರಿಲ್ 1ರಿಂದ ಒಂದು ಗೋಡೌನ್ ಲೀಸಿಗೆ ತಗೊಂಡಿದೀವಿ, 3 ವರ್ಷ, ತಿಂಗಳಿಗೆ 1 ಲಕ್ಷ, ವರ್ಷಾ ವರ್ಷಾ 5% ಏರಿಕೆ. ಕೊಟ್ಟಷ್ಟನ್ನ ಬಾಡಿಗೆ ಖರ್ಚಿಗೆ ಹಾಕ್ತಾ ಇದೀವಿ. ಆಡಿಟರ್ ಸ್ಟ್ರೈಟ್ ಲೈನ್ ಮಾಡಿ, ಅಂದ್ರೆ ಒಟ್ಟು ಬಾಡಿಗೆನ ಎಲ್ಲಾ ವರ್ಷಕ್ಕೂ ಸಮನಾಗಿ ಹಂಚಿ ಅಂತಾರೆ, ಲಿಸ್ಟೆಡ್ ಕಂಪ್ನಿಲಿರೋ ಗೆಳೆಯ ರೈಟ್ ಆಫ್ ಯೂಸ್ ಅಸೆಟ್, ಅಂದ್ರೆ ಗೋಡೌನ್ ಬಳಸೋ ಹಕ್ಕನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟಲ್ಲಿ ತೋರಿಸ್ಲೇಬೇಕು ಅಂತಾನೆ. ಯಾರ ಮಾತು ಸರಿ? ಇದರ ಜೊತೆ ಒಂದು ಸಿಎನ್‌ಸಿ (ಕಂಪ್ಯೂಟರಿಂದ ನಡೆಯೋ) ಮಷೀನೂ 5 ವರ್ಷ ಲೀಸಲ್ಲಿದೆ, ಕೊನೇಲಿ ಅದು ನಮ್ಮ ಹೆಸರಿಗೇ ಆಗತ್ತೆ.

ತಾಳೆಪಟ್ಟಿ: ನಿಮ್ಮ ಗೆಳೆಯರು ಹೇಳ್ತಿರೋದು ಇಂಡ್ ಎಎಸ್ 116, ಅಂದ್ರೆ ದೊಡ್ಡ ಕಂಪ್ನಿಗಳಿಗೆ ಲೀಸ್ ಲೆಕ್ಕದ ಅಕೌಂಟಿಂಗ್ ಸ್ಟ್ಯಾಂಡರ್ಡ್, ಅದು 2019ರ ಏಪ್ರಿಲ್‌ನಿಂದ ಬಂದಿದ್ದು. ಲಿಸ್ಟೆಡ್ ಕಂಪ್ನಿಗಳಿಗೆ, ನೆಟ್‌ವರ್ತ್ 250 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಇರೋರಿಗೆ, ಅವರ ಗ್ರೂಪ್ ಕಂಪ್ನಿಗಳಿಗೆ. ನಿಮಗೆ ಲೀಸಿನ ಹಳೇ ಸ್ಟ್ಯಾಂಡರ್ಡ್ ಎಎಸ್ 19 ಅನ್ವಯ ಆಗತ್ತೆ, ಗೋಡೌನ್ ಆಪರೇಟಿಂಗ್ ಲೀಸ್ (ಬರೀ ಬಾಡಿಗೆ ಥರದ್ದು), ಆಡಿಟರ್ ಹೇಳಿದ್ದೇ ಸರಿ. ಲೆಕ್ಕ ನೋಡಿ, ಮೊದಲ ವರ್ಷ 12,00,000, ಎರಡನೇದು 12,60,000, ಮೂರನೇದು 13,23,000, ಒಟ್ಟು 37,83,000. ಮೂರರಿಂದ ಭಾಗಿಸಿದ್ರೆ ವರ್ಷಕ್ಕೆ 12,61,000 ಖರ್ಚು. ಅಂದ್ರೆ ಮೊದಲ ವರ್ಷ ಕೊಟ್ಟಿದ್ದಕ್ಕಿಂತ 61,000 ಜಾಸ್ತಿ ಖರ್ಚು ತೋರಿಸಿ ಪ್ರೊವಿಷನ್ ಮಾಡ್ತೀರಿ, ಎರಡನೇ ವರ್ಷ ಇನ್ನೊಂದು 1,000, ಮೂರನೇ ವರ್ಷ ಆ 62,000 ವಾಪಸ್ ತಿರುಗಿಸ್ತೀರಿ.

ಮಷೀನ್ ಕಥೆ ಬೇರೆ. ಮಾಲೀಕತ್ವ ಕೊನೇಲಿ ನಿಮಗೇ ಬರೋದ್ರಿಂದ ಅದು ಫೈನಾನ್ಸ್ ಲೀಸ್ (ಸಾಲ ಮಾಡಿ ಕೊಂಡ ಹಾಗೆ), ಕಂತಿನ ಪೂರ್ತಿ ಮೊತ್ತ ಖರ್ಚಿಗೆ ಹಾಕೋ ಹಾಗಿಲ್ಲ. ಅಸೆಟ್ ಮತ್ತು ಸಾಲ ಎರಡೂ ತೋರಿಸಿ, ಕಂತನ್ನ ಬಡ್ಡಿ ಮತ್ತೆ ಅಸಲು ಅಂತ ಒಡೀರಿ, ಡಿಪ್ರಿಸಿಯೇಷನ್ (ಸವಕಳಿ) ಮಷೀನಿನ ಬಾಳಿಕೆ ಮೇಲೆ, ಲೀಸ್ ಅವಧಿ ಮೇಲಲ್ಲ.

ಮಾರ್ಚ್31: ಗೆಳೆಯರ ದಾರೀಲಿ ಹೋಗಿದ್ರೆ ಏನಾಗ್ತಿತ್ತು ಅಂತಾನೂ ನೋಡಿ. 10% ಬಡ್ಡಿ ದರ, ಬಾಡಿಗೆ ವರ್ಷದ ಕೊನೇಲಿ ಕೊಟ್ಟ ಹಾಗೆ ಲೆಕ್ಕ ಹಿಡಿದ್ರೆ ಲೀಸ್ ಲಯಬಿಲಿಟಿ, ಅಂದ್ರೆ ಮುಂದೆ ಕೊಡೋ ಬಾಡಿಗೆಯ ಇವತ್ತಿನ ಬೆಲೆ, ಸುಮಾರು 31.26 ಲಕ್ಷ, ಬಡ್ಡಿ ಡಿಪ್ರಿಸಿಯೇಷನ್ ಸೇರಿ ಮೊದಲ ವರ್ಷದ ಖರ್ಚು 13.55 ಲಕ್ಷ, ಮೂರನೇ ವರ್ಷ 11.62 ಲಕ್ಷ. ಒಟ್ಟು ಅದೇ 37.83 ಲಕ್ಷ, ಆದ್ರೆ ಮೊದಮೊದಲ ವರ್ಷ ಭಾರ ಜಾಸ್ತಿ, ಸಾಲದ ರೇಷಿಯೋನೂ ಬದಲಾಗತ್ತೆ. ಬ್ಯಾಂಕಿನೋರು ಮೊದಲು ನೋಡೋದು ಅದನ್ನೇ.

ಖಾತೆಕಿರ್ದಿ: ತುಂಬಾ ಥ್ಯಾಂಕ್ಸ್. ಆದ್ರೆ 5% ಏರಿಕೆ ಹಣದುಬ್ಬರಕ್ಕೆ ಸರಿಹೋಗತ್ತೆ, ಅದಕ್ಕೆ ಸ್ಟ್ರೈಟ್ ಲೈನ್ ಬೇಡ ಅಂತ ಎಲ್ಲೋ ಓದಿದ್ದೆ. ಮತ್ತೆ ನೋಟ್ಸಲ್ಲಿ ಏನು ಬರೀಲಿ?

ತಾಳೆಪಟ್ಟಿ: ಹಣದುಬ್ಬರದ ವಿನಾಯ್ತಿ ಇದ್ದಿದ್ದು 116ಕ್ಕಿಂತ ಮುಂಚೆ ಇದ್ದ ಇಂಡ್ ಎಎಸ್ 17ರಲ್ಲಿ, ಎಎಸ್ 19ರಲ್ಲಿ ಇಲ್ಲ. ನೋಟ್ಸಿಗೆ ಬಂದ್ರೆ ಮುಂದೆ ಕೊಡಲೇಬೇಕಾದ, ಅಂದ್ರೆ ಕ್ಯಾನ್ಸಲ್ ಮಾಡೋಕಾಗದ ಬಾಡಿಗೆನ 1 ವರ್ಷದೊಳಗೆ, 1ರಿಂದ 5 ವರ್ಷ, 5ರ ಮೇಲೆ ಅಂತ ಮೂರು ಭಾಗ ಮಾಡಿ ತೋರಿಸೋ ಟೇಬಲ್ ಇದೆಯಲ್ಲ, ಟರ್ನೋವರ್ 250 ಕೋಟಿ, ಸಾಲ 50 ಕೋಟಿ ಮೀರದ ಸಣ್ಣ ಕಂಪ್ನಿಗಳಿಗೆ ಅದು ಕಡ್ಡಾಯ ಇಲ್ಲ. ಆದ್ರೂ ಹಾಕಿ ಅಂತೀನಿ, ಎರಡೇ ಸಾಲು: 2025ರ ಮಾರ್ಚ್ ಕೊನೆಗೆ 12,60,000 ಮತ್ತೆ 13,23,000. ಬಿಟ್ರೆ, ಸಣ್ಣ ಕಂಪ್ನಿ ಅಂತ ವಿನಾಯ್ತಿ ತಗೊಂಡಿದೀವಿ ಅಂತ ನೋಟಲ್ಲಿ ಹೇಳ್ಬೇಕು. ಆ ವರ್ಷದ ಬಾಡಿಗೆ ಖರ್ಚು ಎಷ್ಟು ಅಂತ ಮಾತ್ರ ಟೇಬಲ್ ಹಾಕಿದ್ರೂ ಬಿಟ್ರೂ ತೋರಿಸ್ಲೇಬೇಕು.

ಮಾರ್ಚ್31: ಆ ಟೇಬಲ್ ಹಾಕೋಕೆ ಮುಂಚೆ ಅಗ್ರಿಮೆಂಟಲ್ಲಿ ಲಾಕಿನ್ ಷರತ್ತು (ಎಷ್ಟು ದಿನ ಬಿಟ್ಟು ಹೋಗೋ ಹಾಗಿಲ್ಲ ಅನ್ನೋದು) ಒಂದ್ಸಲ ಸರಿಯಾಗಿ ಓದಿ ಸರ್. ನಮ್ಮ ಕಡೆ ಎಷ್ಟೋ ಅಗ್ರಿಮೆಂಟಲ್ಲಿ ಮಾಲೀಕರಿಗೆ ಮಾತ್ರ 3 ವರ್ಷ ಕಟ್ಟುಪಾಡು, ಬಾಡಿಗೆದಾರ 3 ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು ಅಂತ ಇರತ್ತೆ. ಹಾಗಿದ್ರೆ ಕ್ಯಾನ್ಸಲ್ ಮಾಡೋಕಾಗದ ಬಾಡಿಗೆ ಅಂತ ಬರೋದು ಆ 3 ತಿಂಗಳದ್ದು ಮಾತ್ರ.