ರಫ್ ಪ್ಲಾಸ್ಟರ್ ಗೋಡೆ: ಬ್ರಷ್ ಜೋತು ಬೀಳ್ತಿದೆ, ಗುಳಿಯೊಳಗೆ ಬಣ್ಣ ಹೋಗ್ತಿಲ್ಲ. ಯಾವ ಬ್ರಷ್ ತಗೊಳ್ಳಲಿ?

ಕಣದಂಗಳ (ಆಲ್ದೂರು ಕಡೆ)

ಎಲ್ರಿಗೂ ನಮಸ್ಕಾರ. ಮನೆ ಕಾಂಪೌಂಡು ಮತ್ತೆ ಕಾಫಿ ಕಣದ ಪಕ್ಕದ ಗೋಡೌನು, ಎರಡೂ ಸಾಲಿಡ್ ಬ್ಲಾಕ್ ಗೋಡೆ, ಮೇಲೆ ರಫ್ ಪ್ಲಾಸ್ಟರ್. ಗಾರೆ ಎರಚಿ ಹಾಗೇ ಬಿಟ್ಟಿರೋದು, ಕೈ ಸವರಿದ್ರೆ ಚರ್ಮ ತರಚುತ್ತೆ. ಪ್ಲಾಸ್ಟರ್ ಆಗಿ ಒಂದು ಮಳೆಗಾಲ ಕಳೆದಿದೆ. ಅರೇಬಿಕಾ ಕೊಯ್ಲು ಶುರುವಾದ್ರೆ ಆಳು ಸಿಗೋದಿಲ್ಲ, ಪೇಂಟರಂತೂ ಮೊದಲೇ ಇಲ್ಲ. ಹಾಗಾಗಿ ನಾನೂ ತಮ್ಮನೂ ಹಚ್ತಾ ಇದೀವಿ.

ಬ್ರಷ್ 4 ಇಂಚಿನದು, ಕಪ್ಪು ಕೂದಲು. ಇದರಲ್ಲೇ ಬಾಗಿಲು ಕಿಟಕಿಗೆ ಎನಾಮೆಲ್ ಹಚ್ಚಿದ್ವಿ, ಒಂದು ಗೆರೆ ಕಾಣದಂಗೆ ಬಂತು. ಗೋಡೆಗೆ ಎಕ್ಸ್‌ಟೀರಿಯರ್ ಎಮಲ್ಷನ್ ಹಚ್ಚೋಕೆ ಹೋದ್ರೆ ಬೆಳಿಗ್ಗೆ ಬಿಗಿಯಾಗಿದ್ದದ್ದು ಮಧ್ಯಾಹ್ನಕ್ಕೆ ನೆನೆದು ಜೋತು ಬೀಳುತ್ತೆ. ಕೂದಲು ಉದುರಿ ಗೋಡೆಗೆ ಅಂಟ್ಕೊಳ್ತಿದೆ. ರಸ್ತೆಯಿಂದ ನೋಡಿದ್ರೆ ಚೆಂದ, ಹತ್ರ ಹೋದ್ರೆ ಗುಳಿಗಳ ಒಳಗೆಲ್ಲ ಬೂದು ಚುಕ್ಕಿ. ಎರಡನೇ ಕೋಟ್‌ಗೂ ಮುಚ್ಚಲಿಲ್ಲ. ಅಂಗಡಿಯಲ್ಲಿ ಕೇಳಿದ್ರೆ "ಇದೇ ಥರದ್ದು 6 ಇಂಚಿನದು ತಗೊಳ್ಳಿ" ಅಂತಾರೆ. ದುಡ್ಡು ಹಾಕೋಕೆ ಮುಂಚೆ ಇಲ್ಲಿ ಕೇಳೋಣ ಅಂತ.

ಹಳೇಮೇಸ್ತ್ರಿ (ಹಾಸನ)

ಮೇಡಂ, 6 ಇಂಚಿನದು ಈಗಲೇ ತಗೋಬೇಡಿ. ಮೊದಲು ಎರಡು ವಿಷಯ ಹೇಳಿ. ಪ್ರೈಮರ್ ಹಾಕಿದೀರಾ? ಎಮಲ್ಷನ್‌ಗೆ ನೀರು ಎಷ್ಟು ಬೆರೆಸ್ತಿದೀರಿ?

ಆಮೇಲೆ ಉದುರಿದ ಒಂದು ಕೂದಲನ್ನ ಸೋಪಲ್ಲಿ ತೊಳೆದು ಒಣಗಿಸಿ, ಟರ್ಪೆಂಟೈನ್ ಬಾಟಲಿ ದೂರ ಇಟ್ಟು, ಬೆಂಕಿಕಡ್ಡಿ ತೋರಿಸಿ. ತಲೆಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಿದ್ರೆ ಅದು ಹಂದಿ ಕೂದಲು. ಕರಗಿ ತುದಿಯಲ್ಲಿ ಮಣಿ ಕಟ್ಟಿದ್ರೆ ನೈಲಾನ್ ಇಲ್ಲಾ ಪಾಲಿಯೆಸ್ಟರ್.

ಕಣದಂಗಳ

ತಲೆಕೂದಲು ವಾಸನೆಯೇ ಸರ್, ಅಡುಗೆಮನೆಯಿಂದ ಅಮ್ಮ ಬಂದು ಬೈದ್ರು. ಪ್ರೈಮರ್ ಒಂದು ಕೋಟ್ ಆಗಿದೆ, ಇದೇ ಬ್ರಷ್ಷಲ್ಲಿ. ಎಮಲ್ಷನ್‌ಗೆ ನೀರು ಹಾಕೇ ಇಲ್ಲ ಅನ್ನಬಹುದು. ಗಟ್ಟಿ ಇದ್ರೆ ಗುಳಿ ಮುಚ್ಚುತ್ತೆ ಅಂತ ತಮ್ಮನ ವಾದ.

ರೋಲರ್‌ರಾಜ (ಚಿಕ್ಕಮಗಳೂರು)

ಬ್ರಷ್ ಸಹವಾಸವೇ ಬೇಡ ಅಕ್ಕ. ಒಂದು ರೋಲರ್ ತಗೊಳ್ಳಿ, ಅರ್ಧ ದಿನದಲ್ಲಿ ಕಾಂಪೌಂಡ್ ಮುಗೀತು.

ಹಳೇಮೇಸ್ತ್ರಿ

ರಾಜ, ನೀವು ಹೇಳೋ ರೋಲರ್ ನಯವಾದ ಗೋಡೆಗೆ ಬಳಸೋ ಸಣ್ಣ ಜುಂಗಿನದಾದ್ರೆ (ಜುಂಗು ಅಂದ್ರೆ ರೋಲರ್ ಮೇಲಿನ ಎಳೆ) ಉಬ್ಬಿದ ಗಾರೆಗೆ ಮಾತ್ರ ಬಣ್ಣ ಹತ್ತುತ್ತೆ, ತಗ್ಗೆಲ್ಲ ಹಾಗೇ ಉಳಿಯುತ್ತೆ. ಈ ಥರ ಗೋಡೆಗೆ ಜುಂಗು 18 ಮಿ.ಮೀ. ಇಲ್ಲಾ ಅದಕ್ಕಿಂತ ಉದ್ದ ಇರಬೇಕು. ಅದಿದ್ರೂ ಆಳದ ಗುಳಿಗೆ ಬ್ರಷ್ ಬೇಕೇ ಬೇಕು.

ಮೇಡಂ, ನಿಮ್ಮ ಬ್ರಷ್ ಕೆಟ್ಟದ್ದೇನಲ್ಲ, ಅದರ ಕೆಲಸ ಬೇರೆ. ಎನಾಮೆಲ್ ಟರ್ಪೆಂಟೈನ್ ಜಾತಿಯ ಬಣ್ಣ, ಅದರಲ್ಲಿ ಹಂದಿ ಕೂದಲು ಬಿಗಿಯಾಗೇ ಇರುತ್ತೆ. ಎಮಲ್ಷನ್ ನೀರಿನ ಬಣ್ಣ. ಹಂದಿ ಕೂದಲು ನೀರು ಕುಡಿದು ಉಬ್ಬಿ ಮೆತ್ತಗಾಗುತ್ತೆ, ಆಮೇಲೆ ಗುಳಿಯೊಳಗೆ ನುಗ್ಗೋ ಬದಲು ಮೇಲೇ ಮಲಗಿ ಜಾರಿ ಹೋಗುತ್ತೆ. ಆ ಮೆತ್ತಗಾದ ಕೂದಲನ್ನ ಗಾರೆಯ ಮೊನೆಗಳು ಹಿಡಿದು ಎಳೆಯುತ್ವೆ, ಅದಕ್ಕೇ ಉದುರ್ತಿರೋದು. 6 ಇಂಚಿನದು ತಂದ್ರೂ ಇದೇ ಕಥೆ, ಮಣಿಕಟ್ಟು ನೋವು ಮೇಲಿಂದ ಉಚಿತ.

ಪಾಲಿಯೆಸ್ಟರ್, ಇಲ್ಲಾ ನೈಲಾನ್-ಪಾಲಿಯೆಸ್ಟರ್ ಮಿಶ್ರದ ಬ್ರಷ್ ಕೇಳಿ. ಪಾಲಿಯೆಸ್ಟರ್ ಹೆಚ್ಚುಕಮ್ಮಿ ನೀರೇ ಹೀರಲ್ಲ, ಸಂಜೆವರೆಗೂ ಬಿಗಿ ಇರುತ್ತೆ. ನೈಲಾನ್ ಸ್ವಲ್ಪ ಮೆತ್ತಗಾಗುತ್ತೆ, ಆದ್ರೆ ಉಜ್ಜಿದ್ರೆ ಬೇಗ ಸವೆಯಲ್ಲ. ನಿಮ್ಮ ಗೋಡೆಗೆ ಎರಡೂ ಗುಣ ಬೇಕು, ಹಾಗಾಗಿ ಮಿಶ್ರ ಸಿಕ್ಕಿದ್ರೆ ಅದೇ ಸರಿ.

ಅಗಲ 4 ಇಂಚು ಸಾಕು, ಕೈ ಗಟ್ಟಿ ಇದ್ರೆ 5. ಅಗಲಕ್ಕಿಂತ ದಪ್ಪ ನೋಡಿ. ಅಂಗಡಿಯಲ್ಲೇ ಕೂದಲನ್ನ ಬೆರಳಲ್ಲಿ ಎರಡು ಪಾಲು ಮಾಡಿ ಬುಡ ನೋಡಿ. ನಡುವೆ ಒಂದು ಮರದ್ದೋ ಪ್ಲಾಸ್ಟಿಕ್ಕಿದ್ದೋ ಪಟ್ಟಿ ಕಾಣುತ್ತೆ. ಅಗ್ಗದ ಬ್ರಷ್ಷಲ್ಲಿ ಆ ಪಟ್ಟಿಯೇ ಅರ್ಧ ಜಾಗ ತಿಂದಿರುತ್ತೆ, ಹೊರಗಿಂದ ತುಂಬಿದ ಹಾಗೆ, ಒಳಗೆ ಪೊಳ್ಳು. ಪಟ್ಟಿ ಸಣ್ಣದಿದ್ದು ಕೂದಲು ಒತ್ತಾಗಿರಬೇಕು. ಕೂದಲಿನ ತುದಿ ಸೀಳಿರಬೇಕು, ಬಣ್ಣ ಹಿಡಿಯೋದು ಅದೇ. ಅಂಗೈಗೆ ಒತ್ತಿ ಬಿಟ್ರೆ ಥಟ್ಟಂತ ನೆಟ್ಟಗಾಗಬೇಕು. ಕೂದಲು ತೀರಾ ಉದ್ದ ಇದ್ರೆ ಬೇಡ, ಅದು ಬಾಗಿಲಿಗೆ ಚೆಂದ. ಕೂದಲನ್ನ ಹಿಡಿಗೆ ಬಿಗಿದಿರೋ ತಗಡಿನ ಪಟ್ಟಿಗೆ ತುಕ್ಕು ಹತ್ತಿದ್ದು ಬಿಟ್ಟಿ ಕೊಟ್ರೂ ಬೇಡ, ಬಿಳಿ ಗೋಡೆಗೆ ಕಂದು ನೀರು ಇಳಿಯುತ್ತೆ.

ಬಣ್ಣ ಗಟ್ಟಿ ಇದ್ರೆ ಗುಳಿ ಮುಚ್ಚುತ್ತೆ ಅನ್ನೋದು ಉಲ್ಟಾ. ಗಟ್ಟಿ ಬಣ್ಣ ಗುಳಿಯ ಬಾಯಿ ಮೇಲೆ ಪೊರೆ ಕಟ್ಟುತ್ತೆ, ಒಳಗೆ ಗಾಳಿ ಸಿಕ್ಕಿಹಾಕ್ಕೊಂಡು ಒಣಗೋವಾಗ ಪೊರೆ ಒಡೆಯುತ್ತೆ. ನಿಮ್ಮ ಬೂದು ಚುಕ್ಕಿ ಅದೇ. ಡಬ್ಬಿ ಮೇಲೆ ಬ್ರಷ್‌ಗೆ ಎಷ್ಟು ನೀರು ಅಂತ ಬರೆದಿರ್ತಾರೆ, ಅಷ್ಟು ಹಾಕಿ.

ಕೂದಲಿನ ಅರ್ಧದವರೆಗೆ ಮಾತ್ರ ಅದ್ದಿ. ಮೊದಲು ಬ್ರಷ್ ನೆಟ್ಟಗೆ ಹಿಡಿದು ಗೋಡೆಗೆ ಕುಟ್ಟಿ, ಆಮೇಲೆ ಎಡ ಬಲ ಮೇಲೆ ಕೆಳಗೆ ನಾಲ್ಕೂ ದಿಕ್ಕಿಗೆ ಉಜ್ಜಿ, ಕೊನೆಗೆ ಒಂದೇ ದಿಕ್ಕಿಗೆ ಹಗುರಾಗಿ ಎಳೆದು ಬಿಡಿ. ಒಂದು ಸಲಕ್ಕೆ ಒಂದು ಮಾರು ಅಗಲದ ಜಾಗ ಸಾಕು.

ಈಗ ಹಚ್ಚಿರೋದನ್ನ ಕೆರೆಯೋದೇನೂ ಬೇಡ. ಅಂಟಿದ ಕೂದಲನ್ನ ಪುಟ್ಟಿ ಬ್ಲೇಡಲ್ಲಿ ಎಬ್ಬಿಸಿ ತೆಗೆದು, ನೀರು ಬೆರೆಸಿದ ಬಣ್ಣದಲ್ಲಿ ಗುಳಿಗಳನ್ನ ಕುಟ್ಟಿ ತುಂಬಿ. ಆಮೇಲೆ ಒಂದು ಕೋಟ್.

ಬೇಲೂರುಕಡೆ

ಮಧ್ಯೆ ಬಾಯಿ ಹಾಕ್ತಿದೀನಿ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆ, ಮೇಲೆ ಸುಣ್ಣ. ಇದೇ ಪಾಲಿಯೆಸ್ಟರ್ ಬ್ರಷ್ ಆಗುತ್ತಾ?

ಹಳೇಮೇಸ್ತ್ರಿ

ಸುಣ್ಣಕ್ಕೆ ನಾರಿನ ಬ್ರಷ್ಷೇ ಸರಿ ಅಣ್ಣ, ಹಾರ್ಡ್‌ವೇರ್ ಅಂಗಡಿಯಲ್ಲಿ ಸುಣ್ಣದ ಬ್ರಷ್ ಅಂದ್ರೆ ಕೊಡ್ತಾರೆ. ಸುಣ್ಣದ ಖಾರಕ್ಕೆ ಹಂದಿ ಕೂದಲು ಕರಗೇ ಹೋಗುತ್ತೆ. ದುಬಾರಿ ಬ್ರಷ್ ಅದಕ್ಕೆ ಹಾಳು ಮಾಡಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಮಣ್ಣಿನ ಗೋಡೆಗೆ ಎಮಲ್ಷನ್ ಹಚ್ಚೋ ಯೋಚನೆ ಇದ್ರೆ ಬಿಡಿ, ಒಳಗಿನ ತೇವ ಹೊರಗೆ ಬರೋಕಾಗದೆ ಗಾರೆ ಸಮೇತ ಎದ್ದು ಬರುತ್ತೆ.

ರೋಲರ್‌ರಾಜ

ಒಪ್ಪಿದೆ ಮೇಸ್ತ್ರಿ. ಆದ್ರೆ ಇಬ್ಬರಿದ್ದಾರಲ್ಲ, ಒಬ್ಬರು ಉದ್ದ ಜುಂಗಿನ ರೋಲರಲ್ಲಿ ಬಣ್ಣ ಏರಿಸ್ತಾ ಹೋಗಲಿ, ಇನ್ನೊಬ್ಬರು ಹಿಂದೆಯೇ ಹಸಿ ಇರೋವಾಗ ಬ್ರಷ್ಷಲ್ಲಿ ಕುಟ್ತಾ ಬರಲಿ.

ಹಳೇಮೇಸ್ತ್ರಿ

ಹ್ಞೂಂ, ಅದು ಮಾತು. ನಾವೂ ದೊಡ್ಡ ಕಾಂಪೌಂಡ್ ಇದ್ರೆ ಹಂಗೇ ಮಾಡೋದು.

ಕಣದಂಗಳ

ಅಪ್‌ಡೇಟ್: ಚಿಕ್ಕಮಗಳೂರಿಗೆ ಹೋಗಿ ಮಿಶ್ರದ 4 ಇಂಚಿನದು ತಂದೆ. ಮೊದಲು ಕೊಟ್ಟಿದ್ದನ್ನ ಎರಡು ಪಾಲು ಮಾಡಿ ನೋಡಿದ್ರೆ ಒಳಗೆ ಹೆಬ್ಬೆರಳು ಹೋಗೋಷ್ಟು ಪೊಳ್ಳು! ಇನ್ನೊಂದು ತೋರಿಸಿ ಅಂದೆ. ಕುಟ್ಟಿ ಹಚ್ಚಿದ್ಮೇಲೆ ಕಾಂಪೌಂಡಿನ ಚುಕ್ಕಿ ಹೋಯ್ತು. ಬಣ್ಣ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಹಿಡೀತು. ತಮ್ಮ ರೋಲರ್ ಹಿಡಿದ, ಹಾಗಾಗಿ ವಾದ ನಿಂತಿದೆ.

ಈಗ ಗೋಡೌನ್ ಗೋಡೆ ಬಾಕಿ. ಬೆಳಿಗ್ಗೆ ಮಂಜು ಬಿದ್ದು ಗೋಡೆ ತಣ್ಣಗೆ ಇರುತ್ತೆ, ಬುಡದಲ್ಲಿ ಒಂದಡಿ ಪಾಚಿ ಇದೆ. ಎಷ್ಟೊತ್ತಿಗೆ ಶುರು ಮಾಡೋದು?

ಹಳೇಮೇಸ್ತ್ರಿ

ಬಿಸಿಲು ಬಿದ್ದು ಅಂಗೈ ಇಟ್ರೆ ಒಣಗಿದೆ ಅನ್ನಿಸಬೇಕು, ನಿಮ್ಮ ಕಡೆ ಹತ್ತು ಗಂಟೆ ಆಗುತ್ತೆ. ಮೂರೂವರೆ ನಾಲ್ಕಕ್ಕೆ ನಿಲ್ಲಿಸಿ, ಇಬ್ಬನಿ ಬೀಳೋ ಮುಂಚೆ ಒಣಗಬೇಕು. ಪಾಚಿಯನ್ನ ನಾರಿನ ಬ್ರಷ್ಷಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್. ಕಬ್ಬಿಣದ ತಂತಿ ಬ್ರಷ್ ಬೇಡ, ಮುರಿದ ತಂತಿ ಗಾರೆಯಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತೆ. ಕಣದಲ್ಲಿ ಕಾಫಿ ಹರಡೋಕೆ ಮುಂಚೆ ಮುಗಿಸಿ. ಕೊಯ್ಲು ಶುರುವಾಗಿಬಿಟ್ರೆ ಫೆಬ್ರವರಿಗೆ ಇಡಿ, ಕಾಫಿ ಹೂ ಅರಳಿಸೋ ಹೂಮಳೆಗೆ ಮುಂಚೆ ಆಗಬೇಕು ಅಷ್ಟೇ.

ಊಟಕ್ಕೆ ಏಳೋವಾಗ ಬ್ರಷ್ಷನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಡಿ, ಬಕೆಟ್ಟಲ್ಲಿ ಕೂದಲ ಮೇಲೆ ನಿಲ್ಲಿಸಬೇಡಿ, ತುದಿ ಬಾಗಿದ್ರೆ ನೆಟ್ಟಗಾಗಲ್ಲ.

ಕಣದಂಗಳ

ಸರಿ ಸರ್. ಹಳೇ ಬ್ರಷ್ ಗೇಟಿನ ಎನಾಮೆಲ್‌ಗೆ ಎತ್ತಿಟ್ಟಿದೀನಿ. ಗೋಡೌನ್ ಆದ್ಮೇಲೆ ಫೋಟೋ ಹಾಕ್ತೀನಿ.